ನಗು ಯಾರ ಮೇಲೆ? – ವಲಸಿಗರ ವಿಡಂಬನಾ ಚಿತ್ರಗಳು ಮತ್ತು ನಮ್ಮ ತರಗತಿ

ಬೋಧನಾಭ್ಯಾಸದ ಎರಡನೇ ವಾರ. ಒಂಬತ್ತನೇ ತರಗತಿ 'ಎ' ವಿಭಾಗಕ್ಕೆ ತೇಲುವಿಕೆ ಮತ್ತು ಆರ್ಕಿಮಿಡೀಸ್ ತತ್ವದ ಪಾಠ. ಪೀಠಿಕೆಯ ಪ್ರಶ್ನೆಯಾಗಿ, "ನಿಮ್ಮ ಮನೆಯ ಯಾವ ಪಾತ್ರೆ ಖಾಲಿ ಇದ್ದಾಗ ತೇಲುತ್ತದೆ, ತುಂಬಿದಾಗ ಮುಳುಗುತ್ತದೆ?" ಎಂದು ಕೇಳಿದೆ. ಬಕೆಟ್, ಲೋಟ, ಚೊಂಬು ಎಂದು ಉತ್ತರಗಳು ಬಂದವು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, "ಚರಗಿ ರೀ ಮೇಡಂ" ಎಂದ. ತರಗತಿ ಗೊಳ್ಳೆಂದು ನಕ್ಕಿತು. ಅವನದು ರಾಯಚೂರು ಕಡೆಯ ಕುಟುಂಬ. ತಂದೆ ತಾಯಿ ಇಬ್ಬರೂ ನಗರದ ಹೊರವಲಯದಲ್ಲಿ ಕಟ್ಟಡದ ಕೆಲಸಕ್ಕೆ ಬಂದವರು. ಚರಗಿ ಎಂದರೆ ಚೊಂಬೇ. ಉತ್ತರ ಸರಿಯಾಗಿತ್ತು. ಆದರೂ ಮಕ್ಕಳ ಜೊತೆಗೆ ನಾನೂ ನಕ್ಕಿದ್ದೆ. ಅವನು ಕೂತ. ಉಳಿದ ಮೂವತ್ತು ನಿಮಿಷ ಮತ್ತೆ ಕೈ ಎತ್ತಲಿಲ್ಲ.

ನನ್ನ ಪಾಠವನ್ನು ವೀಕ್ಷಿಸುತ್ತಿದ್ದ ಸಹಪಾಠಿ ಅವಲೋಕನ ಪುಸ್ತಕದಲ್ಲಿ "ಪೀಠಿಕೆ ಪರಿಣಾಮಕಾರಿ, ತರಗತಿ ಲವಲವಿಕೆಯಿಂದ ಕೂಡಿತ್ತು" ಎಂದು ಬರೆದಿದ್ದಳು. ಆ ಲವಲವಿಕೆ ಯಾರ ಖರ್ಚಿನಲ್ಲಿ ಬಂದದ್ದು ಎಂದು ಸಂಜೆ ಬಸ್ಸಿನಲ್ಲಿ ಕೂತಾಗ ನನಗೆ ಹೊಳೆಯಿತು. ತರಗತಿಯಲ್ಲಿ ನಗು ಬೇಕು ಎಂದು ನಮಗೆ ಕಲಿಸುತ್ತಾರೆ. ಆ ನಗು ಯಾರ ಮೇಲೆ ಬೀಳಬೇಕು ಎಂಬುದನ್ನು ನಾನು ಅದುವರೆಗೆ ಯೋಚಿಸಿರಲಿಲ್ಲ. ಇದನ್ನು ಉಪದೇಶ ಮಾಡಿ ಹೇಳುವುದಕ್ಕಿಂತ ನಗುವಿನ ಮೂಲಕವೇ ಹೇಳಬಹುದೇ ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ವಲಸಿಗರ ಬಗ್ಗೆ ಬಂದ ವಿಡಂಬನಾ ಹಾಸ್ಯಚಿತ್ರಗಳು. ಅವು ಹೇಗೆ ಕೆಲಸ ಮಾಡುತ್ತವೆ, ಅವುಗಳಲ್ಲಿ ಒಂದನ್ನು ನಾನು ತರಗತಿಯಲ್ಲಿ ಹೇಗೆ ಬಳಸಿದೆ, ಎಲ್ಲಿ ಎಡವಿದೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಹಾಸ್ಯ, ಅಪಹಾಸ್ಯ, ವಿಡಂಬನೆ

ಮೊದಲು ಪದಗಳನ್ನು ಬೇರ್ಪಡಿಸಿಕೊಳ್ಳೋಣ. ನಗಿಸುವ ಎಲ್ಲವೂ ಹಾಸ್ಯ. ಎದುರಿಗಿರುವವನ ಮಾತು, ಬಟ್ಟೆ, ಬಡತನ, ಅರಿಯದಿರುವಿಕೆಯನ್ನು ಗುರಿಮಾಡಿ ನಕ್ಕರೆ ಅದು ಅಪಹಾಸ್ಯ. ವಿಡಂಬನೆಯೂ ಗುರಿಯಿಟ್ಟ ನಗುವೇ, ಆದರೆ ಅದರ ಗುರಿ ಮೇಲಿರುತ್ತದೆ: ಅಧಿಕಾರ, ನಿಯಮ, ರೂಢಿ, 'ನಾವು ಸರಿಯಾದವರು' ಎಂಬ ಭಾವನೆ.

ವಿಡಂಬನೆಗೆ ವಲಸಿಗನಂಥ ಪಾತ್ರ ಇನ್ನೊಂದಿಲ್ಲ. ಸಮವೇಗದಲ್ಲಿ ಓಡುವ ಬಸ್ಸಿನಲ್ಲಿ ಕೂತವರಿಗೆ ಬಸ್ಸು ಚಲಿಸುತ್ತಿದೆ ಎಂಬುದೇ ಮರೆತುಹೋಗಿರುತ್ತದೆ. ಆಗತಾನೇ ಹತ್ತಿದವನು ತೂರಾಡುತ್ತಾನೆ. ಒಂದು ಸಮಾಜದ ನಿಯಮಗಳೂ ಹಾಗೆಯೇ. ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಅವು ಕಾಣುವುದಿಲ್ಲ. ಹೊಸಬ ಬಂದು ಅವುಗಳಿಗೆ ಡಿಕ್ಕಿ ಹೊಡೆದಾಗ ಮಾತ್ರ ಅವು ಕಾಣಿಸುತ್ತವೆ. ಆ ಡಿಕ್ಕಿಯನ್ನು ನೋಡಿ ನಾವು ಎರಡು ರೀತಿ ನಗಬಹುದು. 'ಇವನಿಗೆ ಇಷ್ಟೂ ಗೊತ್ತಿಲ್ಲ' ಎಂದು ನಗಬಹುದು. 'ಎಂಥ ವಿಚಿತ್ರ ನಿಯಮ ಮಾಡಿಟ್ಟುಕೊಂಡಿದ್ದೇವೆ' ಎಂದೂ ನಗಬಹುದು. ದೃಶ್ಯ ಒಂದೇ, ನಗು ಎರಡು. ಒಳ್ಳೆಯ ವಲಸಿಗ ಹಾಸ್ಯಚಿತ್ರ ನಮ್ಮನ್ನು ಮೊದಲ ನಗುವಿನಿಂದ ಎರಡನೆಯ ನಗುವಿಗೆ ಕರೆದೊಯ್ಯುತ್ತದೆ.

1917ರ 'ದಿ ಇಮಿಗ್ರಂಟ್'

ನಾನು ತರಗತಿಗೆ ಆರಿಸಿಕೊಂಡದ್ದು ಚಾರ್ಲಿ ಚಾಪ್ಲಿನ್ ಅವರ 'ದಿ ಇಮಿಗ್ರಂಟ್'. ಕಾರಣಗಳು ಸರಳ. ಇದು ಮೂಕಚಿತ್ರ, ಹಾಗಾಗಿ ಭಾಷೆಯ ತೊಡಕಿಲ್ಲ. ಅವಧಿ ಸುಮಾರು 25 ನಿಮಿಷ. ಚಾಪ್ಲಿನ್ ಸ್ವತಃ ವಲಸೆ ಹೋದವರು. 1889ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಕಡುಬಡತನದಲ್ಲಿ ಬೆಳೆದು, 1910ರಲ್ಲಿ ಫ್ರೆಡ್ ಕಾರ್ನೋ ನಾಟಕ ತಂಡದೊಂದಿಗೆ ಮೊದಲ ಬಾರಿ ಅಮೆರಿಕಕ್ಕೆ ಹಡಗಿನಲ್ಲಿ ಹೋದವರು.

ಚಿತ್ರ ಬಿಡುಗಡೆಯಾದದ್ದು 1917ರ ಜೂನ್ 17ರಂದು. ಈ ದಿನಾಂಕವನ್ನು ಅದೇ ವರ್ಷದ ಇನ್ನೊಂದು ಘಟನೆಯ ಪಕ್ಕದಲ್ಲಿಟ್ಟು ನೋಡಬೇಕು. 1917ರ ಫೆಬ್ರವರಿ 5ರಂದು ಅಮೆರಿಕದ ಸಂಸತ್ತು ಅಧ್ಯಕ್ಷ ವುಡ್ರೋ ವಿಲ್ಸನ್ ಅವರ ನಿರಾಕರಣೆಯನ್ನೂ ಮೀರಿ ಹೊಸ ವಲಸೆ ಕಾಯ್ದೆಯನ್ನು ಅಂಗೀಕರಿಸಿತು. ಅದು ಮೇ 1ರಿಂದ ಜಾರಿಗೆ ಬಂತು. 16 ವರ್ಷ ದಾಟಿದ ವಲಸಿಗರು ತಮಗೆ ಗೊತ್ತಿರುವ ಯಾವುದಾದರೂ ಭಾಷೆಯಲ್ಲಿ 30ರಿಂದ 40 ಪದಗಳನ್ನು ಓದಿ ತೋರಿಸಬೇಕು ಎಂಬ ಸಾಕ್ಷರತಾ ಪರೀಕ್ಷೆ ಅದರಲ್ಲಿತ್ತು. ಜೊತೆಗೆ ಏಷ್ಯಾದ ದೊಡ್ಡ ಭಾಗವನ್ನೇ 'ನಿರ್ಬಂಧಿತ ವಲಯ' ಎಂದು ಗುರುತಿಸಿ ಅಲ್ಲಿಂದ ವಲಸೆಯನ್ನು ತಡೆಯಿತು. ಆ ವಲಯದಲ್ಲಿ ಭಾರತವೂ ಇತ್ತು. ಈ ಬಾಗಿಲು ಸ್ವಲ್ಪವಾದರೂ ತೆರೆದದ್ದು 1946ರಲ್ಲಿ, ಅದೂ ವರ್ಷಕ್ಕೆ 100 ಭಾರತೀಯರಿಗೆ ಮಾತ್ರ. ಅಂದರೆ ಚಾರ್ಲಿ ಪರದೆಯ ಮೇಲೆ ನ್ಯೂಯಾರ್ಕ್ ಬಂದರಿಗೆ ಬಂದಿಳಿದು ಪ್ರೇಕ್ಷಕರನ್ನು ನಗಿಸುತ್ತಿದ್ದಾಗ, ನಮ್ಮ ದೇಶದ ಕಾರ್ಮಿಕನೊಬ್ಬ ಆ ಹಡಗಿನಿಂದ ಇಳಿಯುವಂತೆಯೇ ಇರಲಿಲ್ಲ.

ಆ ಬಂದರಿನ ಎಲ್ಲಿಸ್ ದ್ವೀಪದ ತಪಾಸಣಾ ಕೇಂದ್ರ 1892ರಲ್ಲಿ ತೆರೆದು 1954ರಲ್ಲಿ ಮುಚ್ಚಿತು. ಈ ಅವಧಿಯಲ್ಲಿ ಅದರ ಮೂಲಕ ಹಾದುಹೋದವರು 1 ಕೋಟಿ 20 ಲಕ್ಷಕ್ಕೂ ಹೆಚ್ಚು. ಮೊದಲ ಮತ್ತು ಎರಡನೇ ದರ್ಜೆಯ ಪ್ರಯಾಣಿಕರ ತಪಾಸಣೆ ಸಾಮಾನ್ಯವಾಗಿ ಹಡಗಿನಲ್ಲೇ ಮುಗಿಯುತ್ತಿತ್ತು. ದ್ವೀಪಕ್ಕೆ ಹೋಗಿ ಸಾಲಿನಲ್ಲಿ ನಿಲ್ಲಬೇಕಾಗಿದ್ದವರು ಹಡಗಿನ ತಳದ ಅಗ್ಗದ ದರ್ಜೆಯವರು. ವೈದ್ಯರು ಅವರನ್ನು ಕ್ಷಣಕಾಲ ನೋಡಿ, ಅನುಮಾನ ಬಂದವರ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಕ್ಷರ ಬರೆಯುತ್ತಿದ್ದರು: ಕಣ್ಣಿನ ತೊಂದರೆಗೆ ಒಂದಕ್ಷರ, ಹೃದಯಕ್ಕೆ ಒಂದು, ಕುಂಟುವವರಿಗೆ ಇನ್ನೊಂದು. ಈ ಹಿನ್ನೆಲೆ ತಿಳಿದರೆ ಚಿತ್ರದ ನಗು ಎಲ್ಲಿಂದ ಬರುತ್ತದೆ ಎಂಬುದು ಅರ್ಥವಾಗುತ್ತದೆ.

ಹಡಗಿನ ಭಾಗ: ನಗು ಪಕ್ಷ ಬದಲಿಸುವುದು

ಚಿತ್ರ ಆರಂಭವಾಗುವುದು ತೂಗಾಡುವ ಹಡಗಿನಲ್ಲಿ. ಎಲ್ಲರಿಗೂ ಹೊಟ್ಟೆ ತೊಳಸುತ್ತಿದೆ. ಚಾರ್ಲಿ ಕಟಾಂಜನದ ಮೇಲೆ ಬಾಗಿದ್ದಾನೆ, ಬೆನ್ನು ನಮ್ಮ ಕಡೆಗೆ, ಭುಜಗಳು ಅದುರುತ್ತಿವೆ. ಪಾಪ, ವಾಂತಿ ಮಾಡುತ್ತಿದ್ದಾನೆ ಎಂದುಕೊಳ್ಳುತ್ತೇವೆ. ಅವನು ತಿರುಗುತ್ತಾನೆ. ಕೈಯಲ್ಲಿ ಗಾಳದ ದಾರ, ಅದರ ತುದಿಯಲ್ಲಿ ಮೀನು! ಇಲ್ಲಿ ಮೋಸಹೋದವರು ನಾವು. ಬಡ ವಲಸಿಗನ ಬೆನ್ನು ಕಂಡ ತಕ್ಷಣ ನಾವೇ ಒಂದು ಕಥೆ ಕಟ್ಟಿಕೊಂಡಿದ್ದೆವು. ಮೊದಲ ದೃಶ್ಯದಲ್ಲೇ ನಗು ನಮ್ಮ ಊಹೆಯ ಮೇಲೆ ಬೀಳುತ್ತದೆ.

ಮುಂದೆ ಊಟದ ಕೋಣೆ. ಮೇಜಿನ ಮೇಲಿನ ಸೂಪಿನ ಬಟ್ಟಲು ಹಡಗು ವಾಲಿದತ್ತ ಜಾರುತ್ತದೆ. ಚಾರ್ಲಿ ಒಂದು ಚಮಚ, ಎದುರಿಗಿರುವವನು ಒಂದು ಚಮಚ ಕುಡಿಯಬೇಕು. ನನ್ನ ವಿದ್ಯಾರ್ಥಿಗಳು ಅತಿ ಹೆಚ್ಚು ನಕ್ಕದ್ದು ಇಲ್ಲಿ. ಒಬ್ಬಳು, "ಮೇಡಂ, ಹಡಗನ್ನು ಹೇಗೆ ಅಲ್ಲಾಡಿಸಿದರು?" ಎಂದು ಕೇಳಿದಳು. ವಿಜ್ಞಾನದ ಪ್ರಶಿಕ್ಷಣಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೆ? ಹಡಗಿನ ಮೇಲ್ಭಾಗದ ದೃಶ್ಯಗಳಿಗೆ ಕ್ಯಾಮೆರಾವನ್ನೇ ಲೋಲಕದಂತೆ ತೂಗಿಸಿದರು. ಊಟದ ಕೋಣೆಯನ್ನು ತೊಟ್ಟಿಲಿನಂತೆ ವಾಲುವ ತಳದ ಮೇಲೆ ಕಟ್ಟಿದರು. ನೋಡುವವನ ಚೌಕಟ್ಟು ಅಲ್ಲಾಡಿದರೂ ವಸ್ತು ಅಲ್ಲಾಡಿದಂತೆ ಕಾಣುತ್ತದೆ ಎಂಬುದಕ್ಕೆ ಇದೇ ಉದಾಹರಣೆಯಾಯಿತು.

ಇದೇ ಹಡಗಿನಲ್ಲಿ ಎಡ್ನಾ ಪರ್ವಿಯನ್ಸ್ ಅಭಿನಯಿಸಿರುವ ಯುವತಿಯ ತಾಯಿಯ ಹಣ ಕಳುವಾಗುತ್ತದೆ. ಕಳ್ಳ ಆ ಹಣವನ್ನು ಜೂಜಿನಲ್ಲಿ ಚಾರ್ಲಿಗೆ ಸೋಲುತ್ತಾನೆ. ಚಾರ್ಲಿ ಗೆದ್ದ ಹಣವನ್ನು ಗುಟ್ಟಾಗಿ ಯುವತಿಯ ಜೇಬಿಗೆ ಹಾಕುತ್ತಾನೆ. ನೋಡಿದ ಅಧಿಕಾರಿ ಅವನನ್ನೇ ಕಳ್ಳನೆಂದು ಹಿಡಿಯುತ್ತಾನೆ. ಕೊಡುವ ಕೈ ಅಧಿಕಾರಿಯ ಕಣ್ಣಿಗೆ ಕದಿಯುವ ಕೈಯಾಗಿ ಕಾಣುತ್ತದೆ, ಏಕೆಂದರೆ ಆ ದರ್ಜೆಯ ಪ್ರಯಾಣಿಕ ಕಳ್ಳನೇ ಇರಬೇಕು ಎಂದು ಅವನು ಮೊದಲೇ ತೀರ್ಮಾನಿಸಿದ್ದಾನೆ.

ಇನ್ನು ಚಿತ್ರದ ಅತಿ ಪ್ರಸಿದ್ಧ ಕ್ಷಣ. ಸ್ವಾತಂತ್ರ್ಯದ ನಾಡನ್ನು ತಲುಪಿದರು ಎಂಬರ್ಥದ ಬರಹ ಪರದೆಯ ಮೇಲೆ ಬರುತ್ತದೆ. ಸ್ವಾತಂತ್ರ್ಯ ದೇವಿಯ ಪ್ರತಿಮೆ ಕಾಣಿಸುತ್ತದೆ. ಎಲ್ಲರೂ ಭಾವುಕರಾಗಿ ನೋಡುತ್ತಿದ್ದಾರೆ. ಅಷ್ಟರಲ್ಲಿ ಅಧಿಕಾರಿಗಳು ಬಂದು ಅಡ್ಡಲಾಗಿ ಹಗ್ಗ ಎಳೆದು, ದನಗಳನ್ನು ದೊಡ್ಡಿಗೆ ತಳ್ಳುವಂತೆ ಎಲ್ಲರನ್ನೂ ಅದರ ಹಿಂದೆ ತಳ್ಳುತ್ತಾರೆ. ಚಾರ್ಲಿ ಮತ್ತೊಮ್ಮೆ ಪ್ರತಿಮೆಯ ಕಡೆ ನೋಡುತ್ತಾನೆ, ಅಷ್ಟೆ. ಅವಕಾಶ ಸಿಕ್ಕಾಗ ಅಧಿಕಾರಿಯ ಹಿಂಭಾಗಕ್ಕೆ ಒಂದು ಒದೆ ಕೊಡುತ್ತಾನೆ. ಪ್ರತಿಮೆ ಮತ್ತು ಹಗ್ಗ ಎಂಬ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟದ್ದೇ ಇಲ್ಲಿನ ವಿಡಂಬನೆ. ಯಾರೂ ಭಾಷಣ ಮಾಡುವುದಿಲ್ಲ.

ಹೋಟೆಲಿನ ಭಾಗ: ನಿಯಮ ಮತ್ತು ನಾಣ್ಯ

ಎರಡನೇ ಭಾಗದಲ್ಲಿ ಚಾರ್ಲಿ ನಗರದಲ್ಲಿದ್ದಾನೆ. ಹೊಟ್ಟೆ ಹಸಿದಿದೆ, ಕೈಯಲ್ಲಿ ಕಾಸಿಲ್ಲ. ಬೀದಿಯಲ್ಲಿ ನಾಣ್ಯವೊಂದು ಸಿಗುತ್ತದೆ. ಜೇಬಿಗೆ ಹಾಕುತ್ತಾನೆ; ಜೇಬು ತೂತು; ನಾಣ್ಯ ಕೆಳಗೆ ಬೀಳುತ್ತದೆ; ಅವನಿಗೆ ಗೊತ್ತಾಗುವುದಿಲ್ಲ. ಹೋಟೆಲಿಗೆ ಹೋಗಿ ಕೂತು ಬೀನ್ಸ್ ತರಿಸುತ್ತಾನೆ. ಟೋಪಿ ತೆಗೆಯಬೇಕೆಂಬುದು ಅವನಿಗೆ ತಿಳಿಯದು. ಎರಿಕ್ ಕ್ಯಾಂಪ್‌ಬೆಲ್ ಅಭಿನಯದ ದೈತ್ಯಾಕಾರದ ವೇಟರ್ ಮತ್ತೆ ಮತ್ತೆ ಗದರಿಸಿ ತೆಗೆಸುತ್ತಾನೆ. ಬೀನ್ಸ್ ಕಾಳುಗಳನ್ನು ಚಾಕುವಿನ ಮೇಲಿಟ್ಟು ಒಂದೊಂದಾಗಿ ತಿನ್ನುತ್ತಾನೆ. ಇಲ್ಲಿಯವರೆಗೆ ನಗು ಚಾರ್ಲಿಯ ಮೇಲೆ. ಇದನ್ನು ಒಪ್ಪಿಕೊಳ್ಳಬೇಕು: ಚಿತ್ರವೂ ಹೊಸಬನನ್ನು ನೋಡಿ ನಗುವಂತೆ ಮಾಡುತ್ತದೆ.

ಆಮೇಲೆ ಪಕ್ಕದ ಮೇಜಿನ ಗಿರಾಕಿಯೊಬ್ಬನನ್ನು ಐದಾರು ವೇಟರ್‌ಗಳು ಸೇರಿ ಹೊಡೆದು ಹೊರಗೆ ಎಸೆಯುತ್ತಾರೆ. ಏಕೆಂದು ಚಾರ್ಲಿ ಕೇಳಿದರೆ, ಅವನ ಬಿಲ್ಲಿಗೆ 10 ಸೆಂಟ್ ಕಡಿಮೆ ಬಿತ್ತು ಎಂಬ ಉತ್ತರ. ಚಾರ್ಲಿ ಮೆಲ್ಲಗೆ ತನ್ನ ಜೇಬಿಗೆ ಕೈ ಹಾಕುತ್ತಾನೆ. ಜೇಬು ಖಾಲಿ. ಆ ಕ್ಷಣದಿಂದ ನಾವು ಅವನನ್ನು ನೋಡಿ ನಗುವುದಿಲ್ಲ, ಅವನ ಜೊತೆ ಕೂತು ಬೆವರುತ್ತೇವೆ. ಅಲ್ಲಿಂದಾಚೆಗಿನದು ನಾಣ್ಯದ ಆಟ. ಇನ್ನೊಬ್ಬ ಬಡವ ಅದೇ ನಾಣ್ಯವನ್ನು ಹೆಕ್ಕಿ ತಂದು ವೇಟರ್‌ಗೆ ಕೊಡುತ್ತಾನೆ. ವೇಟರ್‌ನ ಜೇಬೂ ತೂತಾದ್ದರಿಂದ ಅದು ಮತ್ತೆ ಬೀಳುತ್ತದೆ. ಚಾರ್ಲಿ ಹರಸಾಹಸ ಮಾಡಿ ಎತ್ತಿಕೊಂಡು ಕೊಟ್ಟರೆ, ವೇಟರ್ ಕಚ್ಚಿ ನೋಡುತ್ತಾನೆ. ಖೋಟಾ ನಾಣ್ಯ! ಕಡೆಗೆ ಒಬ್ಬ ಚಿತ್ರಕಲಾವಿದ ಇವರ ಬಿಲ್ಲು ಕೊಡಲು ಮುಂದಾಗುತ್ತಾನೆ. ಚಾರ್ಲಿ ಮರ್ಯಾದೆಗೆ ಬೇಡ ಬೇಡ ಎನ್ನುತ್ತಾನೆ. ಒಂದು ಸಲ ಹೆಚ್ಚೇ ಬೇಡ ಎಂದಾಗ ಕಲಾವಿದ ಸುಮ್ಮನಾಗುತ್ತಾನೆ. ನಮ್ಮ ಕಡೆ ಮದುವೆ ಮನೆಯಲ್ಲಿ "ಸಾಕು, ಸಾಕು" ಎಂದು ಕೈ ಅಡ್ಡ ಹಿಡಿದವರಿಗೆ ಬಡಿಸುವವರು ನಿಜವಾಗಿಯೂ ಮುಂದೆ ಹೋಗಿಬಿಟ್ಟರೆ ಆಗುವ ಪಾಡೇ ಅದು. ಕೊನೆಗೆ ಕಲಾವಿದ ಬಿಟ್ಟುಹೋದ ಟಿಪ್ಸ್ ಹಣದಲ್ಲೇ ಚಾರ್ಲಿ ತನ್ನ ಬಿಲ್ಲು ತೀರಿಸುತ್ತಾನೆ.

ಈ ಭಾಗದಲ್ಲಿ ಎಡ್ನಾ ಮತ್ತೆ ಸಿಗುತ್ತಾಳೆ. ಅವಳ ಕೈಯಲ್ಲಿ ಕಪ್ಪು ಅಂಚಿನ ಕರವಸ್ತ್ರ. ಅವಳ ತಾಯಿ ತೀರಿಕೊಂಡಿದ್ದಾಳೆ ಎಂಬುದನ್ನು ಚಿತ್ರ ಹೇಳುವುದು ಅದೊಂದರಿಂದಲೇ. ಹಡಗಿನಲ್ಲಿ ಬಂದ ಎಲ್ಲರೂ ನೆಲೆ ಕಾಣುವುದಿಲ್ಲ ಎಂಬುದನ್ನು ನಗುವಿನ ನಡುವೆ ಒಂದೇ ವಸ್ತುವಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ.

ಒಂದು ಸ್ವಾರಸ್ಯ: ಚಾಪ್ಲಿನ್ ಮೊದಲು ಚಿತ್ರೀಕರಿಸಿದ್ದು ಹೋಟೆಲಿನ ಭಾಗವನ್ನು. ಇವರು ಎಲ್ಲಿಂದ ಬಂದವರು ಎಂಬ ಪ್ರಶ್ನೆಗೆ ಉತ್ತರವಾಗಿ ಹಡಗಿನ ಭಾಗ ಆಮೇಲೆ ಹುಟ್ಟಿತು. ಪಾಠಯೋಜನೆ ಬರೆಯುವಾಗ ಚಟುವಟಿಕೆ ಮೊದಲು ಹೊಳೆದು, ಪೀಠಿಕೆ ಆಮೇಲೆ ಸಿಗುವ ನಮ್ಮ ಅನುಭವಕ್ಕೆ ಇದು ಹತ್ತಿರ. ಇನ್ನೊಂದು ಸಂಗತಿ ಅಷ್ಟು ಸಿಹಿಯಾದದ್ದಲ್ಲ. ಚಾಪ್ಲಿನ್ ಎಂದೂ ಅಮೆರಿಕದ ಪೌರತ್ವ ಪಡೆಯಲಿಲ್ಲ. 1952ರ ಸೆಪ್ಟೆಂಬರಿನಲ್ಲಿ ಅವರು ಹಡಗಿನಲ್ಲಿ ಲಂಡನ್ನಿಗೆ ಹೊರಟಿದ್ದಾಗ, ಮತ್ತೆ ಒಳಬರುವ ಅನುಮತಿಯನ್ನು ಅಮೆರಿಕ ಸರ್ಕಾರ ರದ್ದುಮಾಡಿತು. ಅವರು ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದರು. ಅಮೆರಿಕಕ್ಕೆ ಮರಳಿ ಕಾಲಿಟ್ಟದ್ದು 1972ರಲ್ಲಿ, ಗೌರವ ಆಸ್ಕರ್ ಸ್ವೀಕರಿಸಲು.

ಹೋಲಿಕೆಗೆ ಇನ್ನೆರಡು ಚಿತ್ರಗಳು

ಇವು ಹೈಸ್ಕೂಲು ಮಕ್ಕಳಿಗೆ ತೋರಿಸಲು ಅಲ್ಲ, ನಮ್ಮ ತಿಳಿವಳಿಕೆಗೆ.

1964ರ ಇಸ್ರೇಲಿ ಚಿತ್ರ 'ಸಲ್ಲಾಹ್ ಶಬಾತಿ'. ನಿರ್ದೇಶಕ ಎಫ್ರಾಯಿಮ್ ಕಿಶೋನ್ ಹಂಗೇರಿಯಿಂದ 1949ರಲ್ಲಿ ಬಂದು, ಸ್ವತಃ ವಲಸಿಗರ ಶಿಬಿರದಲ್ಲಿ ಇದ್ದವರು. ತನ್ನ ಹೆಸರನ್ನು ಬಂದರಿನ ಗುಮಾಸ್ತನೇ ಬದಲಿಸಿ ಬರೆದುಕೊಂಡ ಎಂದು ಹೇಳಿಕೊಳ್ಳುತ್ತಿದ್ದರು. 1948ರಿಂದ 1951ರ ನಡುವೆ ಸುಮಾರು 7 ಲಕ್ಷ ಜನ ಆ ಹೊಸ ದೇಶಕ್ಕೆ ಬಂದಿಳಿದರು. ಅನೇಕರಿಗೆ ಸಿಕ್ಕಿದ್ದು ಡೇರೆ, ತಗಡಿನ ಗುಡಿಸಲು. ಚಿತ್ರದ ಸಲ್ಲಾಹ್ ದೊಡ್ಡ ಸಂಸಾರದೊಂದಿಗೆ ಬಂದು ಮನೆಗಾಗಿ ಕಾಯುತ್ತಾನೆ. ಗಿಡ ನೆಡುವ ಕೂಲಿ ಸಿಗುತ್ತದೆ. ಶ್ರೀಮಂತ ದಾನಿಯೊಬ್ಬರು ಬಂದಾಗ ಆ ತೋಪಿಗೆ ಅವರ ಹೆಸರಿನ ಫಲಕ. ಅವರು ಹೋದ ಮೇಲೆ ಅದೇ ತೋಪಿಗೆ ಮತ್ತೊಬ್ಬ ದಾನಿಯ ಹೆಸರಿನ ಫಲಕ. ಸಲ್ಲಾಹ್ ರೇಗಿ ಸಸಿಗಳನ್ನು ಕಿತ್ತುಹಾಕುತ್ತಾನೆ. ಕೇಳಿದ್ದಕ್ಕೆ ವಿರುದ್ಧವಾದದ್ದೇ ಇಲ್ಲಿ ಸಿಗುತ್ತದೆ ಎಂಬುದನ್ನು ಕಲಿತ ಮೇಲೆ, ತಮಗೆ ಹೊಸ ಮನೆ ಬೇಡವೇ ಬೇಡ ಎಂದು ಮೆರವಣಿಗೆ ಮಾಡಿಸಿ, ಅದರಿಂದಲೇ ಮನೆ ಪಡೆಯುತ್ತಾನೆ. ಸರ್ಕಾರಿ ಕಚೇರಿಗೆ ಅಲೆದ ಯಾರಿಗಾದರೂ ಈ ನಗು ಅರ್ಥವಾಗುತ್ತದೆ.

ಆದರೆ ಸಲ್ಲಾಹ್‌ನನ್ನು ಸೋಮಾರಿ, ಪಗಡೆಯಂಥ ಆಟದಲ್ಲಿ ಕಾಲ ಕಳೆಯುವವನು, ಮಗಳ ಮದುವೆಗೆ ಚೌಕಾಸಿ ಮಾಡುವವನು ಎಂದೂ ಚಿತ್ರ ತೋರಿಸುತ್ತದೆ. ಅರಬ್ ನಾಡುಗಳಿಂದ ಬಂದ ಯಹೂದಿಗಳ ಬಗ್ಗೆ ಯುರೋಪಿನಿಂದ ಬಂದವರಿಗಿದ್ದ ಪೂರ್ವಗ್ರಹವನ್ನೇ ಇದು ಗಟ್ಟಿಮಾಡಿತು ಎಂದು, ಇರಾಕಿ ಯಹೂದಿ ಕುಟುಂಬದಲ್ಲಿ ಹುಟ್ಟಿದ ವಿದ್ವಾಂಸೆ ಎಲ್ಲಾ ಶೋಹಾತ್ 1989ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದಾರೆ. ಒಂದೇ ಚಿತ್ರದಲ್ಲಿ ಕಚೇರಿಯ ಮೇಲೆ ವಿಡಂಬನೆಯೂ ಸಮುದಾಯದ ಮೇಲೆ ಅಪಹಾಸ್ಯವೂ ಇರಬಹುದು ಎಂಬುದಕ್ಕೆ ಇದು ನಿದರ್ಶನ.

ಇನ್ನೊಂದು, ರೋಲ್ಫ್ ಲೀಸಿ ನಿರ್ದೇಶನದ 1978ರ ಸ್ವಿಸ್ ಚಿತ್ರ. ಅದರ ಹೆಸರಿನ ಅರ್ಥ 'ಸ್ವಿಸ್ ಜನರನ್ನು ತಯಾರಿಸುವವರು'. ಪೌರತ್ವಕ್ಕೆ ಅರ್ಜಿ ಹಾಕಿದ ವಿದೇಶಿಯರು ಸಾಕಷ್ಟು ಸ್ವಿಸ್ ಆಗಿದ್ದಾರೆಯೇ ಎಂದು ಇಬ್ಬರು ಅಧಿಕಾರಿಗಳು ಅವರ ಮನೆ, ನೆರೆಹೊರೆಯಲ್ಲೆಲ್ಲ ಇಣುಕಿ ನೋಡುತ್ತಾರೆ. ದೇಶದಲ್ಲಿ ವಿದೇಶಿಯರ ಪ್ರಮಾಣಕ್ಕೆ ಮಿತಿ ಹಾಕಬೇಕೆಂಬ ಪ್ರಸ್ತಾವದ ಮೇಲೆ 1970ರಲ್ಲಿ ಅಲ್ಲಿ ಜನಮತಗಣನೆಯೇ ನಡೆದಿತ್ತು; ಪ್ರಸ್ತಾವ ಸೋತಿತು. ಚಿತ್ರದಲ್ಲಿ ಪರೀಕ್ಷೆಗೆ ಒಳಗಾಗುವವರಿಗಿಂತ ಪರೀಕ್ಷಿಸುವವರೇ ನಗೆಪಾಟಲಾಗುತ್ತಾರೆ. ತಮ್ಮನ್ನೇ ಲೇವಡಿ ಮಾಡಿದ ಈ ಚಿತ್ರವನ್ನು ಸ್ವಿಸ್ ಪ್ರೇಕ್ಷಕರು ಮುಗಿಬಿದ್ದು ನೋಡಿದರು. ಅದು ಆ ದೇಶದ ಅತ್ಯಂತ ಯಶಸ್ವಿ ಚಿತ್ರಗಳಲ್ಲಿ ಒಂದಾಯಿತು.

ತರಗತಿಯಲ್ಲಿ ಮಾಡಿದ್ದು

ಬ್ಯಾಗ್ ರಹಿತ ಶನಿವಾರ ಶಾಲೆಯ ಪ್ರೊಜೆಕ್ಟರ್ ಸಿಕ್ಕಿತು. 'ಎ' ವಿಭಾಗಕ್ಕೆ ಇಡೀ ಚಿತ್ರವನ್ನು ಒಂದೇ ಅವಧಿಯಲ್ಲಿ ತೋರಿಸಿದೆ. ಅದು ತಪ್ಪಾಯಿತು. ವೈರು ಜೋಡಿಸಲು ಐದು ನಿಮಿಷ, ಚಿತ್ರಕ್ಕೆ 25 ನಿಮಿಷ ಹೋಗಿ ಚರ್ಚೆಗೆ ಹತ್ತೇ ನಿಮಿಷ ಉಳಿಯಿತು. ಮಾರ್ಗದರ್ಶಕ ಅಧ್ಯಾಪಕರು "ನಗು ಸಿಕ್ಕಿತು, ಮಾತು ಸಿಗಲಿಲ್ಲ" ಎಂದು ಷರಾ ಬರೆದರು. 'ಬಿ' ವಿಭಾಗಕ್ಕೆ ಎರಡು ಅವಧಿ ಮಾಡಿಕೊಂಡೆ: ಒಂದರಲ್ಲಿ ಹಡಗು, ಇನ್ನೊಂದರಲ್ಲಿ ಹೋಟೆಲು. ಅದು ಚೆನ್ನಾಗಿ ನಡೆಯಿತು. ಕಪ್ಪುಹಲಗೆಯ ಮೇಲೆ ಮೂರೇ ಪ್ರಶ್ನೆ ಬರೆದಿದ್ದೆ:

1. ನೀವು ನಕ್ಕಾಗ, ಆ ನಗು ಯಾರ ಮೇಲಿತ್ತು?
2. ಇಲ್ಲಿ ಯಾವ ನಿಯಮ ಚಾರ್ಲಿಗೆ ಗೊತ್ತಿರಲಿಲ್ಲ? ಅದನ್ನು ಯಾರಾದರೂ ಅವನಿಗೆ ಹೇಳಿದ್ದರೇ?
3. ಇದೇ ದೃಶ್ಯವನ್ನು ಚಾರ್ಲಿ ಊರಿಗೆ ಪತ್ರ ಬರೆದು ವಿವರಿಸಿದರೆ ಹೇಗಿರುತ್ತದೆ?

ಟೋಪಿಯ ದೃಶ್ಯಕ್ಕೆ ಒಬ್ಬಳು ಕೊಟ್ಟ ಉತ್ತರ: "ಟೋಪಿ ತೆಗಿ ಅಂತ ಬಾಯಲ್ಲಿ ಹೇಳಬಹುದಿತ್ತು ಮೇಡಂ. ಹೇಳದೆ ಬೈದರೆ ಅವನಿಗೆ ಹೇಗೆ ಗೊತ್ತಾಗಬೇಕು?" ಪಠ್ಯದಲ್ಲಿ ಎಲ್ಲೂ ಇಲ್ಲದ ಕಲಿಕಾ ಫಲ ಇದು ಎಂದು ನನಗನ್ನಿಸಿತು.

ಎರಡೂ ವಿಭಾಗಗಳಿಗೆ 'ಹೊಸ ಜಾಗದಲ್ಲಿ ನನ್ನ ಮೊದಲ ದಿನ' ಎಂಬ ಬರವಣಿಗೆ ಕೊಟ್ಟೆ. ಒಂದೇ ಷರತ್ತು: ಓದಿದವರಿಗೆ ನಗು ಬರಬೇಕು, ಆದರೆ ನಗು ಯಾವ ಮನುಷ್ಯನ ಮೇಲೂ ಬೀಳಬಾರದು, ನಿಯಮದ ಮೇಲೆ ಬೀಳಬೇಕು. ಚರಗಿಯ ಹುಡುಗ ಒಂದು ಪುಟ ಬರೆದಿದ್ದ. ಅವನ ಒಪ್ಪಿಗೆ ಪಡೆದು, ಗುರುತು ಬಿಟ್ಟು ಸಾರಾಂಶ ಹೇಳುತ್ತೇನೆ. ಏಳನೇ ತರಗತಿಯ ಮಧ್ಯದಲ್ಲಿ ಅವನು ನಗರದ ಶಾಲೆಯೊಂದಕ್ಕೆ ಸೇರಲು ಬಂದಾಗ ಊರಿನಿಂದ ವರ್ಗಾವಣೆ ಪತ್ರ ಬಂದಿರಲಿಲ್ಲ. ಕೂರಲು ಬಿಟ್ಟರು, ಹೆಸರು ಬರೆದುಕೊಳ್ಳಲಿಲ್ಲ. ದಿನವೂ ಹಾಜರಿ ಕರೆಯುವಾಗ ಕೊನೆಯ ನಂಬರು ಮುಗಿದ ಮೇಲೆ, ಯಾರೂ ಕರೆಯದಿದ್ದರೂ ಇವನೇ ಎದ್ದು "ಹಾಜರ್ ರೀ" ಎನ್ನುತ್ತಿದ್ದನಂತೆ. ಪತ್ರ ಬರುವವರೆಗೆ ಮೂರು ವಾರ ಹೀಗೇ ನಡೆಯಿತು. "ನಾ ದಿನಾ ಸಾಲಿಗಿ ಬಂದೀನಿ, ಆದ್ರ ಪುಸ್ತಕದಾಗ ನಾ ಇನ್ನೂ ಊರಾಗ ಇದ್ದೆ" ಎಂದು ಮುಗಿಸಿದ್ದ.

ಓದಿ ನಕ್ಕೆ. ಆಮೇಲೆ ನಗು ನಿಂತಿತು. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶವನ್ನು ತಡಮಾಡುವಂತಿಲ್ಲ, ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಪರೀಕ್ಷೆಗೆಂದು ನಾವೆಲ್ಲ ಅದನ್ನು ಬಾಯಿಪಾಠ ಮಾಡಿದ್ದೇವೆ. ಗೋಡೆಯ ಮೇಲೆ ಕಾಯ್ದೆ, ಬಾಗಿಲಲ್ಲಿ ಹಗ್ಗ: ಚಾಪ್ಲಿನ್ ಅವರ ಪ್ರತಿಮೆ ಮತ್ತು ಹಗ್ಗ ನನಗೆ ನಿಜವಾಗಿ ಅರ್ಥವಾದದ್ದು ಆ ಪುಟ ಓದಿದಾಗ.

"ಇದನ್ನು ತರಗತಿಯಲ್ಲಿ ಓದಲಾ?" ಎಂದು ಕೇಳಿದೆ. "ಬ್ಯಾಡ್ರಿ ಮೇಡಂ" ಎಂದ. ಓದಲಿಲ್ಲ. ನನ್ನ ಪಾಠ ಯಶಸ್ವಿಯಾಯಿತೆಂದು ತೋರಿಸಲು ಅವನನ್ನು ಮತ್ತೊಮ್ಮೆ ಎದ್ದು ನಿಲ್ಲಿಸುವುದು ಮೊದಲ ದಿನದ ನಗುವಿಗಿಂತ ಬೇರೆಯಲ್ಲ ಎನಿಸಿತು.

ಎಚ್ಚರಿಕೆಗಳು

ಇದನ್ನು ಬಳಸಬಯಸುವ ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಅನುಭವದಿಂದ ಕೆಲವು ಮಾತುಗಳು.

ಒಂದು, ಚಿತ್ರ ತಾನಾಗಿಯೇ ಏನನ್ನೂ ಕಲಿಸುವುದಿಲ್ಲ. ಚರ್ಚೆಗೆ ಸಮಯವಿಲ್ಲದ 'ಎ' ವಿಭಾಗದಲ್ಲಿ ಮಾರನೆಯ ಸೋಮವಾರದಿಂದ ಇಬ್ಬರು ಹುಡುಗರು ಆ ಹುಡುಗನನ್ನೇ 'ಚಾರ್ಲಿ' ಎಂದು ಕರೆಯತೊಡಗಿದರು. ವಿಡಂಬನೆ ಮತ್ತೆ ಅಪಹಾಸ್ಯಕ್ಕೆ ಜಾರಿತ್ತು. ಅವರಿಬ್ಬರ ಜೊತೆ ಬೇರೆಯಾಗಿ ಮಾತಾಡಿದೆ. ಒಬ್ಬ ನಿಲ್ಲಿಸಿದ, ಇನ್ನೊಬ್ಬ ನಾನಿದ್ದಾಗ ಮಾತ್ರ ನಿಲ್ಲಿಸಿದ. ಎರಡು, ತರಗತಿಯಲ್ಲಿರುವ ವಲಸೆ ಮಕ್ಕಳ ಕಡೆ ಕೈ ತೋರಿಸಿ "ಇವನ ಹಾಗೆ" ಎಂದು ಉದಾಹರಣೆ ಕೊಡಬಾರದು. ಚಿತ್ರ ದೂರದ ದೇಶದ್ದು, ಹಳೆಯ ಕಾಲದ್ದು ಆಗಿರುವುದೇ ಅನುಕೂಲ. ಹೋಲಿಕೆಯನ್ನು ಮಕ್ಕಳೇ ಮಾಡಿಕೊಳ್ಳಲಿ. ಮೂರು, ಚಿತ್ರ ತೋರಿಸುವ ಮುನ್ನ ಶಿಕ್ಷಕರು ಒಬ್ಬರೇ ಕೂತು ಒಮ್ಮೆ ನೋಡಿ, ತಾವು ಎಲ್ಲಿ ನಕ್ಕೆವು ಎಂದು ಗುರುತು ಹಾಕಿಕೊಳ್ಳಬೇಕು. ಪೂರ್ವಸಿದ್ಧತೆಯಲ್ಲಿ ನನಗೆ ಹೆಚ್ಚು ಉಪಯೋಗವಾದದ್ದು ಇದೇ.

ಬೋಧನಾಭ್ಯಾಸದ ಕೊನೆಯ ವಾರ ತೇಲುವಿಕೆಯ ಪಾಠವನ್ನು ಪುನರಾವರ್ತನೆ ಮಾಡಿದೆ. ಹಲಗೆಯ ಮೇಲೆ ಒಂದು ಚೊಂಬಿನ ಚಿತ್ರ ಬರೆದು, "ಇದಕ್ಕೆ ನಿಮ್ಮ ಮನೆಯಲ್ಲಿ ಏನಂತೀರಿ?" ಎಂದು ಕೇಳಿದೆ. ಚೊಂಬು, ತಂಬಿಗೆ ಬಂದವು. ತಮಿಳು ಮನೆಮಾತಿನ ಹುಡುಗಿ "ಸೊಂಬು" ಎಂದಳು. ಉರ್ದು ಮನೆಮಾತಿನವನು "ಲೋಟಾ" ಎಂದ. "ಏ, ಲೋಟ ಅಂದ್ರೆ ಕಾಫಿ ಕುಡಿಯೋದು ಕಣೋ!" ಎಂದು ಯಾರೋ ಕೂಗಿದರು. ತರಗತಿ ನಕ್ಕಿತು, ಅವನೂ ನಕ್ಕ. ಹಿಂದಿನ ಬೆಂಚಿನ ಕಡೆ ನಾನು ಬೇಕೆಂದೇ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದ ದನಿ ಬಂತು: "ಚರಗಿ ರೀ ಮೇಡಂ." ಹಲಗೆಯ ಮೇಲೆ ಐದನೆಯ ಪದವಾಗಿ ಬರೆದೆ. ಆಮೇಲೆ ಅದು ಸ್ಥಳಾಂತರಿಸುವ ನೀರಿನ ತೂಕದ ಲೆಕ್ಕಕ್ಕೆ ಹೋದೆವು.